‘ಮಿಲ್ಟ್ರಿಯವರು’ ಅಂದರೆ ಯಾರು? ಕೌಂಟರ್‌ನಲ್ಲಿ ಕೂತವರಿಗೆ ಒಂದು ಬಹಿರಂಗ ಪತ್ರ

ತಾಲ್ಲೂಕು ಕಚೇರಿ, ನಾಡಕಚೇರಿ, ಬ್ಯಾಂಕು, ಕಾಲೇಜು ಪ್ರವೇಶ, ನೇಮಕಾತಿ, ಹೀಗೆ ಎಲ್ಲೆಲ್ಲಿ ಅರ್ಜಿ ತೆಗೆದುಕೊಳ್ಳುತ್ತಾರೋ ಅಲ್ಲೆಲ್ಲ ಕೌಂಟರ್‌ನಲ್ಲಿ ಕೂತಿರುವವರಿಗೆ, ಅವರ ಕೈಗೆ ಆ ಅರ್ಜಿ ನಮೂನೆ ಮಾಡಿಕೊಡುವ ಮೇಲಿನ ಅಧಿಕಾರಿಗಳಿಗೆ ನಮಸ್ಕಾರ.

ನಿಮ್ಮ ಅರ್ಜಿಗಳಲ್ಲಿ ಒಂದು ಸಾಲು ಇರುತ್ತದೆ. ‘ಮಾಜಿ ಸೈನಿಕರೇ? ಹೌದು / ಇಲ್ಲ.’ ಪಕ್ಕದಲ್ಲಿ ಟಿಕ್ ಹಾಕಲು ಎರಡು ಚೌಕ. ಈ ಪತ್ರ ಬರೆಯುತ್ತಿರುವುದು ಆ ಒಂದು ಸಾಲಿನ ಬಗ್ಗೆ.

ನಾನು ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು. ಹವಾಲ್ದಾರ್ ಆಗಿ ಪೆನ್ಷನ್ ಮೇಲೆ ಊರಿಗೆ ಬಂದೆ. ಬಂದೂಕು ಹಿಡಿದದ್ದಕ್ಕಿಂತ ಫೈಲು ಹಿಡಿದದ್ದೇ ಜಾಸ್ತಿ. ಊರಲ್ಲೂ ಅದೇ ಕೆಲಸ ಮುಂದುವರೆದಿದೆ. ಹಾಸನ ಜಿಲ್ಲೆಯ ನಮ್ಮ ಹೋಬಳಿಯಲ್ಲಿ ಯಾರಿಗಾದರೂ ಪೆನ್ಷನ್ ಕಾಗದದ ತೊಂದರೆ ಇದ್ದರೆ, ಸೇನೆಯ ಪೆನ್ಷನ್ನಿನ ಆನ್‌ಲೈನ್ ಪೋರ್ಟಲ್ ‘ಸ್ಪರ್ಶ್’ ಲಾಗಿನ್ ಆಗದಿದ್ದರೆ, ಮಗಳ ಕೋಟಾ ಅರ್ಜಿ ತುಂಬಬೇಕಿದ್ದರೆ ನಮ್ಮ ಮನೆಗೆ ಬರುತ್ತಾರೆ. ನವೆಂಬರ್ ಬಂತೆಂದರೆ ಜೀವಂತ ಪ್ರಮಾಣಪತ್ರಕ್ಕೆ ಬೆರಳು ಒತ್ತಲು ಸಾಲು ನಿಲ್ಲುತ್ತದೆ. ಹೊಲದಲ್ಲಿ ದುಡಿದು ಬೆರಳಿನ ಗೆರೆ ಸವೆದವರದು ಮಷೀನಿಗೆ ಹಿಡಿಯುವುದೇ ಇಲ್ಲ, ಅದು ಬೇರೆ ಕಥೆ. ನಾನು ಕಾಸು ತೆಗೆದುಕೊಳ್ಳುವುದಿಲ್ಲ. ಕಾಫಿ ಖರ್ಚು ನಮ್ಮನೆಯವಳದ್ದು. ಅವಳು ಅದನ್ನು ಆಗಾಗ ನೆನಪಿಸುತ್ತಾಳೆ.

ಇಷ್ಟೆಲ್ಲ ಅರ್ಜಿ ತುಂಬಿ ನನಗೆ ಗೊತ್ತಾಗಿರುವುದು ಒಂದೇ. ನೀವು ಕೇಳುವ ಪ್ರಶ್ನೆ ಬೇರೆ, ಜನ ಉತ್ತರ ಕೊಡುವ ಪ್ರಶ್ನೆ ಬೇರೆ. ನೀವು ‘ಮಾಜಿ ಸೈನಿಕರೇ?’ ಅಂತ ಅಚ್ಚು ಹಾಕಿಸಿರುತ್ತೀರಿ. ಅವರು ಅದನ್ನು ‘ಮಿಲ್ಟ್ರಿಯವರಾ?’ ಅಂತ ಓದಿಕೊಳ್ಳುತ್ತಾರೆ. ಹೌದು, ಮಿಲ್ಟ್ರಿಯವರೇ. ಟಿಕ್ ಹಾಕುತ್ತಾರೆ. ಆಮೇಲೆ ದಾಖಲೆ ನೋಡುವ ದಿನ ನೀವು ಇಲ್ಲ ಅನ್ನುತ್ತೀರಿ.

ಹಳ್ಳಿ ಬಾಯಲ್ಲಿ ಮಿಲ್ಟ್ರಿ ಅನ್ನುವ ಮಾತು ಎಷ್ಟು ಅಗಲ ಅಂತ ನಿಮಗೂ ಗೊತ್ತಿದೆ. ನೀವೂ ಯಾವುದೋ ಊರಿಂದಲೇ ಬಂದವರು ಅಲ್ವಾ? ಮಿಲ್ಟ್ರಿ ಹೋಟೆಲ್ ಅಂದರೆ ಮುದ್ದೆ, ಮಟನ್ ಸಾರು. ಮಿಲ್ಟ್ರಿ ಕಟಿಂಗ್ ಅಂದರೆ ಕಿವಿ ಮೇಲೆ ಕೂದಲು ಉಳಿಯುವುದಿಲ್ಲ. ಮಿಲ್ಟ್ರಿ ಟ್ರಂಕ್ ಅಂದರೆ ಕರಿ ಬಣ್ಣದ ತಗಡಿನ ಪೆಟ್ಟಿಗೆ, ಅದರ ಮೇಲೆ ಬಿಳಿ ಪೇಂಟಿನಲ್ಲಿ ನಂಬರ್, ರ‍್ಯಾಂಕ್, ಹೆಸರು. ಮನೆಯಲ್ಲಿ ಮಿಲ್ಟ್ರಿ ರೂಲ್ಸ್ ಅಂದರೆ ಮಕ್ಕಳು ಐದಕ್ಕೆ ಏಳಬೇಕು. ಹಬ್ಬದ ಹಿಂದಿನ ವಾರ ಮಿಲ್ಟ್ರಿ ಅಂದರೆ ಕ್ಯಾಂಟೀನ್ ಬಾಟಲಿ. ಆ ವಾರದಲ್ಲಿ ನಮ್ಮ ಮೇಲೆ ಊರಿಗೆ ಉಕ್ಕುವ ದೇಶಭಕ್ತಿ ವರ್ಷದ ಬೇರೆ ಯಾವ ವಾರವೂ ಇರುವುದಿಲ್ಲ.

ಬೆಳಗಾವಿ ಕಡೆ ‘ಫೌಜಿ’ ಅನ್ನುವವರೂ ಇದ್ದಾರೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಅಲ್ಲೇ ಇದೆಯಲ್ಲ. ಬೆಂಗಳೂರಿನ ಹಳಬರು ಕಂಟೋನ್ಮೆಂಟಿಗೆ ಇವತ್ತಿಗೂ ದಂಡು ಅಂತಲೇ ಅನ್ನುತ್ತಾರೆ. ಅಲ್ಲಿನ ಮದ್ರಾಸ್ ಸ್ಯಾಪರ್ಸ್‌ನವರು ತಮ್ಮ ತಮ್ಮಲ್ಲಿ ‘ತಂಬಿ’ಗಳು. ಬೆಟಾಲಿಯನ್ ಅನ್ನುವುದು ಬಾಯಿಂದ ಬಾಯಿಗೆ ದಾಟಿ ನಮ್ಮಲ್ಲಿ ‘ಪಟಾಲಂ’ ಆಗಿ, ಕೊನೆಗೆ ಯಾರದೋ ಹಿಂದೆ ಸುತ್ತುವ ಪುಂಡರ ಗುಂಪಿಗೆ ಹೆಸರಾಯಿತು. ಪಾಪ, ಎಲ್ಲಿಂದ ಎಲ್ಲಿಗೆ! ಆದರೆ ಹಳೇ ಮೈಸೂರು ಸೀಮೆಯಲ್ಲಿ ಒಂದೇ ಮಾತು. ಮಿಲ್ಟ್ರಿ. ಮಿಲ್ಟ್ರಿ ಮಾವ, ಮಿಲ್ಟ್ರಿ ಚಿಕ್ಕಪ್ಪ, ಮಿಲ್ಟ್ರಿಯವರ ಮನೆ, ಮಿಲ್ಟ್ರಿಯವರ ತೋಟ. ಒಮ್ಮೆ ಅಂಟಿತೆಂದರೆ ಸಾಯುವವರೆಗೂ ಬಿಡುವುದಿಲ್ಲ. ಸತ್ತ ಮೇಲೂ ಮಗನನ್ನು ‘ಮಿಲ್ಟ್ರಿಯವರ ಮಗ’ ಅಂತಲೇ ಕರೆಯುತ್ತಾರೆ.

ಈ ಮಾತಿನಲ್ಲಿ ‘ಮಾಜಿ’ ಅನ್ನುವುದೇ ಇಲ್ಲ, ಗಮನಿಸಿದ್ದೀರಾ? ಊರಿನವರಿಗೆ ಸರ್ವೀಸ್‌ನಲ್ಲಿ ಇರುವವನೂ ಮಿಲ್ಟ್ರಿ, ಮುಗಿಸಿ ಬಂದವನೂ ಮಿಲ್ಟ್ರಿ. ‘ಮಾಜಿ’ ಅಂದರೆ ನಮ್ಮ ಜನರ ಕಣ್ಣಿಗೆ ಬರುವುದು ಚುನಾವಣೆ ಸೋತ ಶಾಸಕ. ಒಬ್ಬ ಸಿಪಾಯಿ ಹತ್ತೊಂಬತ್ತಕ್ಕೆ ಭರ್ತಿಯಾಗಿ, ಪೆನ್ಷನ್ನಿಗೆ ಬೇಕಾದ ಹದಿನೈದು ವರ್ಷ ದಾಟಿಸಿ, ಮೂವತ್ತೈದು ಮೂವತ್ತಾರಕ್ಕೆ ಮನೆಗೆ ಬಂದಿರುತ್ತಾನೆ. ಮಗು ಇನ್ನೂ ಎಲ್‌ಕೆಜಿ. ಆ ವಯಸ್ಸಿನವನಿಗೆ ಮಾಜಿ ಅಂದರೆ ಅವನಿಗೇ ನಗು ಬರುತ್ತದೆ. ಸೇನೆಯಲ್ಲೂ ಹಾಗೇ ಹೇಳುತ್ತಾರೆ: ನಿವೃತ್ತಿ ಮನುಷ್ಯನಿಗೆ, ರ‍್ಯಾಂಕಿಗಲ್ಲ. ಅದಕ್ಕೇ ನಿವೃತ್ತ ಅನ್ನುವುದನ್ನು ರ‍್ಯಾಂಕಿನ ಪಕ್ಕ ಹಾಕದೆ ಹೆಸರಿನ ಆಚೆ ಕಂಸದಲ್ಲಿ ಹಾಕುವುದು. ನನ್ನಂಥ ಕ್ಲರ್ಕುಗಳಿಗೆ ಇಂಥ ಕಂಸಗಳೆಂದರೆ ಪ್ರಾಣ.

ಈಗ ವಿಷಯಕ್ಕೆ ಬರುತ್ತೇನೆ. ಊರಿನ ಮಿಲ್ಟ್ರಿಯಲ್ಲಿ ಯಾರ‍್ಯಾರು ಸೇರುತ್ತಾರೆ ನೋಡಿ. ಭೂಸೇನೆ, ನೌಕಾಪಡೆ, ವಾಯುಪಡೆಯವರು ಸರಿ. ಬಿಎಸ್‌ಎಫ್‌ನಿಂದ ಬಂದವನೂ ಮಿಲ್ಟ್ರಿ. ಸಿಆರ್‌ಪಿಎಫ್, ಐಟಿಬಿಪಿ, ಸಿಐಎಸ್‌ಎಫ್, ಅಸ್ಸಾಂ ರೈಫಲ್ಸ್, ಎಲ್ಲರೂ ಮಿಲ್ಟ್ರಿ. ಗಡಿರಸ್ತೆ ಮಾಡುವ ಗ್ರೆಫ್‌ನಲ್ಲಿ ಇದ್ದು, ಹಸಿರು ಡ್ರೆಸ್‌ನಲ್ಲಿ ರಜೆಗೆ ಬರುತ್ತಿದ್ದವನೂ ಮಿಲ್ಟ್ರಿ. ವರ್ಷಕ್ಕೆ ಒಂದೆರಡು ತಿಂಗಳು ಟೆರಿಟೋರಿಯಲ್ ಆರ್ಮಿಗೆ ಹೋಗಿಬರುತ್ತಿದ್ದ ಮೇಷ್ಟ್ರೂ ಮಿಲ್ಟ್ರಿ. ಅಮ್ಮನಿಗೆ ಹುಷಾರಿಲ್ಲ ಅಂತ ಒಂಬತ್ತು ವರ್ಷಕ್ಕೇ ಬಿಟ್ಟು ಬಂದವನೂ ಮಿಲ್ಟ್ರಿ. ಊರಿಗೆ ಬೇಕಾಗಿರುವುದು ಟ್ರಂಕು, ಕಟಿಂಗು, ದೂರದ ರೈಲು, ಮನೆಯಲ್ಲಿ ಕಾದು ಕೂತ ಅಮ್ಮ. ಯಾವ ಮಂತ್ರಾಲಯ ಸಂಬಳ ಕೊಡುತ್ತಿತ್ತು ಅಂತ ಯಾರೂ ಕೇಳುವುದಿಲ್ಲ.

ಕೇಳಬೇಕಾಗಿಯೂ ಇಲ್ಲ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ 40 ಮಂದಿ ಸತ್ತರು. ಅವರಲ್ಲಿ ಮಂಡ್ಯ ಜಿಲ್ಲೆಯವರೊಬ್ಬರಿದ್ದರು. ಅವರೆಲ್ಲ ಸಿಆರ್‌ಪಿಎಫ್‌ನವರು, ಅಂದರೆ ಗೃಹ ಮಂತ್ರಾಲಯದ ಕೆಳಗಿನ ಪಡೆ. ಮರುದಿನ ಪತ್ರಿಕೆಗಳು ‘ವೀರಯೋಧ’ ಅಂತಲೇ ಬರೆದವು. ಸರಿಯಾಗಿಯೇ ಬರೆದವು. ರಕ್ಷಣಾ ಮಂತ್ರಾಲಯವೋ ಗೃಹ ಮಂತ್ರಾಲಯವೋ ಅಂತ ಕೇಳಿಕೊಂಡು ಯಾರೂ ಹೂವಿನ ಹಾರ ಹಿಡಿಯಲಿಲ್ಲ.

ಊರು ಮರೆಯುವವರೂ ಇದ್ದಾರೆ, ಅದನ್ನೂ ಹೇಳಿಬಿಡುತ್ತೇನೆ. ಮಿಲಿಟರಿ ನರ್ಸಿಂಗ್ ಸರ್ವೀಸ್‌ನಲ್ಲಿ ಇದ್ದು ಬಂದ ಹೆಣ್ಣುಮಗಳು ಒಂದು ಕಾಲಕ್ಕೆ ಭುಜದ ಮೇಲೆ ನಕ್ಷತ್ರ ಹಾಕಿಕೊಂಡ ಅಧಿಕಾರಿ. ನಮ್ಮಂಥ ಹವಾಲ್ದಾರ್‌ಗಳು ಸೆಲ್ಯೂಟ್ ಹೊಡೆಯಬೇಕಾದವರು. ಊರಿಗೆ ಮಾತ್ರ ಅವರು ನರ್ಸಮ್ಮ. ಮಿಲ್ಟ್ರಿ ಅನ್ನುವುದು ಗಂಡಸರಿಗೇ ಮೀಸಲಾದ ಮಾತು ಅಂತ ನಮ್ಮ ಜನ ಯಾವಾಗ ತೀರ್ಮಾನ ಮಾಡಿದರೋ ಗೊತ್ತಿಲ್ಲ.

ಇನ್ನು ನಿಮ್ಮ ‘ಮಾಜಿ ಸೈನಿಕ’. ಅದು ಬಾಯಿಮಾತಲ್ಲ, ನಿಯಮದ ಪದ. ಕೇಂದ್ರ ಸರ್ಕಾರದ ಕೆಲಸಗಳಿಗೆ ಮಾಜಿ ಸೈನಿಕರನ್ನು ಮತ್ತೆ ತೆಗೆದುಕೊಳ್ಳಲು 1979ರಲ್ಲಿ ನಿಯಮ ಮಾಡಿದರು. ಅದರಲ್ಲಿ ವ್ಯಾಖ್ಯೆ ಇದೆ. ಭೂಸೇನೆ, ನೌಕಾಪಡೆ, ವಾಯುಪಡೆ, ಈ ಮೂರರಲ್ಲಿ ಒಂದರಲ್ಲಿ ಖಾಯಂ ಸರ್ವೀಸ್ ಮಾಡಿರಬೇಕು. ಯಾವ ರ‍್ಯಾಂಕಾದರೂ ಪರವಾಗಿಲ್ಲ. ಅಡುಗೆಯವನಾಗಿದ್ದರೂ ಸರಿ, ಕಮಾಂಡೋ ಆಗಿದ್ದರೂ ಸರಿ. ಆದರೆ ಹೊರಬಂದ ರೀತಿ ಮುಖ್ಯ. ಪೆನ್ಷನ್ ಗಳಿಸಿ ಬಂದಿರಬೇಕು. ಇಲ್ಲವೇ ಸರ್ವೀಸಿನ ಕಾರಣಕ್ಕೆ ಆರೋಗ್ಯ ಕೆಟ್ಟು, ಅಂಗವೈಕಲ್ಯದ ಪೆನ್ಷನ್ ಸಿಕ್ಕಿರಬೇಕು. ಇಲ್ಲವೇ ಪಡೆಯಲ್ಲೇ ಜನ ಕಡಿಮೆ ಮಾಡುವಾಗ ಬಿಡುಗಡೆಯಾಗಿರಬೇಕು. ಇಲ್ಲವೇ ಒಪ್ಪಿಕೊಂಡ ಅವಧಿ ಮುಗಿಸಿ, ಗ್ರಾಚ್ಯುಟಿ ಪಡೆದು ಬಂದಿರಬೇಕು. ತಪ್ಪು ಮಾಡಿ ಹೊರಗೆ ಹಾಕಿಸಿಕೊಂಡವರಿಗೆ ಇಲ್ಲ. ಪೆನ್ಷನ್ನಿಗೆ ಮೊದಲೇ ತಾನಾಗಿ ಬಿಟ್ಟವರಿಗೂ ಇಲ್ಲ. ಇದು 1987ರ ಜುಲೈ 1ರ ನಂತರ ಬಿಡುಗಡೆಯಾದವರ ಲೆಕ್ಕ. ಅದಕ್ಕಿಂತ ಹಿಂದಿನವರಿಗೆ ಬಿಡುಗಡೆಯಾದ ತಾರೀಖಿನ ಮೇಲೆ ಬೇರೆ ಬೇರೆ ಲೆಕ್ಕ. ಟೆರಿಟೋರಿಯಲ್ ಆರ್ಮಿಯವರಲ್ಲಿ ಪೆನ್ಷನ್ ಬಂದವರು, ಗಾಯಗೊಂಡು ಅಂಗವೈಕಲ್ಯ ಪೆನ್ಷನ್ ಪಡೆದವರು, ಶೌರ್ಯ ಪದಕ ಸಿಕ್ಕವರು ಮಾತ್ರ ಒಳಗೆ. ಮೇಷ್ಟ್ರು ಹೊರಗೆ.

ಸ್ವಲ್ಪ ನಿಧಾನವಾಗಿ ಓದಿ ನೋಡಿ, ಇದರಲ್ಲಿ ವಿಚಿತ್ರ ಇದೆ. ತರಬೇತಿಯಲ್ಲೇ ಬಿದ್ದು ಸೊಂಟ ಮುರಿದುಕೊಂಡು, ಯಾವ ಗಡಿಯನ್ನೂ ನೋಡದೆ, ಅಂಗವೈಕಲ್ಯ ಪೆನ್ಷನ್ ಜೊತೆ ಮನೆಗೆ ಬಂದ ಹುಡುಗ ಮಾಜಿ ಸೈನಿಕ. ಅವನಿಗೆ ಸಿಗಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಒಂಬತ್ತು ವರ್ಷ ದುಡಿದು, ಅದರಲ್ಲಿ ಎರಡು ಚಳಿಗಾಲ ಮೇಲೆ ಹಿಮದಲ್ಲಿ ಕಳೆದು, ಅಮ್ಮನಿಗಾಗಿ ಬಿಟ್ಟು ಬಂದವನು ಅಲ್ಲ. ನಿಯಮ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಒಪ್ಪುತ್ತೇನೆ. ಆ ಗೆರೆ ಎಲ್ಲಿದೆ ಅಂತ ಟಿಕ್ ಹಾಕುವವನಿಗೆ ಮೊದಲೇ ಗೊತ್ತಿರಬೇಡವೇ?

ಒಂದು ಘಟನೆ ಹೇಳುತ್ತೇನೆ. ಊರು, ಕಚೇರಿ ಹೆಸರು ಬೇಡ.

ಪಕ್ಕದ ಹಳ್ಳಿಯವರು ಒಬ್ಬರು. ಬಿಎಸ್‌ಎಫ್‌ನಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿ ರಿಟೈರ್ ಆದವರು. ಮಗಳು ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದಿದ್ದಳು. ನಮ್ಮ ರಾಜ್ಯದ ಸಿಇಟಿ ಪ್ರವೇಶದಲ್ಲಿ ವಿಶೇಷ ವರ್ಗಗಳ ಪಟ್ಟಿ ಇರುತ್ತದೆ. ಅದರಲ್ಲಿ ರಕ್ಷಣಾ ಪಡೆಯಿಂದ ನಿವೃತ್ತರಾದವರ ಮಕ್ಕಳಿಗೆ ಒಂದು ಕಲಂ, ಕೇಂದ್ರ ಸಶಸ್ತ್ರ ಪೊಲೀಸ್ ಪಡೆಯಿಂದ ನಿವೃತ್ತರಾದವರ ಮಕ್ಕಳಿಗೆ ಇನ್ನೊಂದು ಕಲಂ. ಎರಡೂ ಇವೆ. ಮಗಳು ಸೈಬರ್ ಸೆಂಟರ್‌ನಲ್ಲಿ ಕೂತು ಮೊದಲನೆಯದಕ್ಕೆ ಟಿಕ್ ಹಾಕಿದಳು. ಯಾಕೆ ಹಾಕಬಾರದು? ಹುಟ್ಟಿದಾಗಿನಿಂದ ಅವಳು ಮಿಲ್ಟ್ರಿಯವರ ಮಗಳು. ‘ಪೊಲೀಸ್’ ಅನ್ನುವ ಪದ ಇರುವ ಕಲಂ ತನ್ನದು ಅಂತ ಅವಳಿಗೆ ಹೊಳೆಯುವುದಾದರೂ ಹೇಗೆ? ಅವಳಿಗೆ ಪೊಲೀಸ್ ಅಂದರೆ ಸರ್ಕಲ್‌ನಲ್ಲಿ ಹೆಲ್ಮೆಟ್ ಹಿಡಿಯುವವರು.

ದಾಖಲೆ ಪರಿಶೀಲನೆಯ ದಿನ ಅಪ್ಪ ಮಗಳು ಇಬ್ಬರೂ ಹೋಗಿದ್ದರು. ದಾರಿ ಗೊತ್ತಿಲ್ಲ ಅಂತ ನಾನೂ ಜೊತೆಗೆ ಹೋಗಿದ್ದೆ. ಅವರು ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿದ್ದರು. ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ತಾರೀಖಿನ ಪ್ರಕಾರ ಜೋಡಿಸಿ, ಮೇಲೊಂದು ಪಟ್ಟಿ ಬರೆದಿಟ್ಟಿದ್ದರು. ಆ ಕವರ್ ನೋಡಿದ ಕೂಡಲೇ ಯಾರಾದರೂ ಹೇಳಬಹುದು, ಇದು ಯೂನಿಫಾರ್ಮ್ ಹಾಕಿದ್ದವರ ಕೆಲಸ ಅಂತ. ಕೌಂಟರ್‌ನಲ್ಲಿದ್ದವರು ಡಿಸ್ಚಾರ್ಜ್ ಕಾಗದ ತಿರುವಿ ನೋಡಿ, ತಲೆ ಎತ್ತದೆ ಹೇಳಿದರು: “ಇದು ಆಗಲ್ಲ. ನೀವು ಮಿಲ್ಟ್ರಿ ಅಲ್ಲ, ಪೊಲೀಸು.”

ಅವರೇನೂ ಸುಳ್ಳು ಹೇಳಲಿಲ್ಲ. ಹಿಂದೆ ದೊಡ್ಡ ಸಾಲು ಇತ್ತು, ಅವರಿಗೂ ಊಟದ ಹೊತ್ತಾಗಿತ್ತು. ಆದರೆ ಇವರ ಮುಖ ನಾನು ನೋಡಿದೆ. ಕೋಟಾ ಹೋಯಿತಲ್ಲ ಅನ್ನುವ ಬೇಸರ ಅಲ್ಲ ಅದು. ಕಾಗದಗಳನ್ನು ಮತ್ತೆ ಅದೇ ಕ್ರಮದಲ್ಲಿ ಕವರಿಗೆ ತುಂಬಿಕೊಂಡರು. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ಮಗಳಿಗೆ ಕೇಳದ ಹಾಗೆ ನನ್ನನ್ನು ಕೇಳಿದರು, “ಸಾರ್, ಇಷ್ಟು ವರ್ಷ ನಾನು ಊರಿಗೆ ಸುಳ್ಳು ಹೇಳಿಕೊಂಡು ಬಂದ ಹಾಗಾಯ್ತಾ?”

ಅವರ ಕಲಂ ಪಕ್ಕದಲ್ಲೇ ಇತ್ತು. ಮೊದಲೇ ಅದಕ್ಕೆ ಟಿಕ್ ಹಾಕಿದ್ದರೆ ಮುಗಿದಿತ್ತು. ಅಷ್ಟು ಹೊತ್ತಿಗೆ ತಿದ್ದುಪಡಿಯ ಗಡುವು ದಾಟಿತ್ತು. ಹುಡುಗಿ ಜನರಲ್‌ನಲ್ಲೇ ಸೀಟು ತೆಗೆದುಕೊಂಡಳು, ಓದುತ್ತಿದ್ದಾಳೆ. ಅವಳ ಬಗ್ಗೆ ನನಗೆ ಚಿಂತೆ ಇಲ್ಲ. ಅಪ್ಪ ಮಾತ್ರ ಆಮೇಲೆ ಊರ ಶಾಲೆಯ ಆಗಸ್ಟ್ 15ಕ್ಕೆ ಕರೆದರೂ ಬರಲಿಲ್ಲ. ಮಿಲ್ಟ್ರಿಯವರು ಮುಂದಿನ ಸಾಲಿಗೆ ಬನ್ನಿ ಅಂತ ಮೈಕಿನಲ್ಲಿ ಕೂಗುತ್ತಾರಲ್ಲ, ಅದಕ್ಕೆ.

ಬಿಎಸ್‌ಎಫ್ ಹುಟ್ಟಿದ್ದು 1965ರ ಡಿಸೆಂಬರ್ 1ಕ್ಕೆ, ಆ ವರ್ಷದ ಪಾಕಿಸ್ತಾನ ಯುದ್ಧ ಮುಗಿದ ಬೆನ್ನಲ್ಲೇ. ಗಡಿ ಕಾಯುವುದಕ್ಕೆಂದೇ ಮಾಡಿದ ಪಡೆ. ಆದರೆ ಅವರಿಗೆ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆಸ್ಪತ್ರೆ ಖರ್ಚಿನ ಯೋಜನೆ, ಇಲ್ಲ, ನಮ್ಮ ಕ್ಯಾಂಟೀನ್ ಇಲ್ಲ, ಅವರದೇ ಬೇರೆ ಪೊಲೀಸ್ ಕಲ್ಯಾಣ ಭಂಡಾರ. ಪೆನ್ಷನ್ನೂ ಬೇರೆ. 2004ರ ಜನವರಿ 1ರಿಂದ ಕೇಂದ್ರ ನೌಕರರಿಗೆ ಎನ್‌ಪಿಎಸ್ ಅನ್ನುವ ಹೊಸ ಪೆನ್ಷನ್ ಪದ್ಧತಿ ತಂದಾಗ ಮೂರು ಸೇನಾಪಡೆಗಳನ್ನು ಹೊರಗಿಟ್ಟರು, ಇವರನ್ನು ಒಳಗೆ ಹಾಕಿದರು. 2012ರಲ್ಲಿ ಗೃಹ ಮಂತ್ರಾಲಯ ಇವರಿಗೆ ‘ಮಾಜಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆ ಸಿಬ್ಬಂದಿ’ ಅಂತ ಒಂದು ಹೆಸರು ಕೊಟ್ಟಿತು. ಇಷ್ಟುದ್ದದ ಹೆಸರನ್ನು ಯಾವ ಊರಿನ ಬಾಯಿ ಹೇಳುತ್ತದೆ? ಇವರಿಗೆ ಏನು ಸಿಗಬೇಕು, ಏನು ಬೇಡ ಅನ್ನುವುದು ದೊಡ್ಡವರ ಜಗಳ, ದಿಲ್ಲಿಯಲ್ಲಿ ನಡೆಯಲಿ. ನಿಮ್ಮ ಕೌಂಟರ್‌ನಲ್ಲಿ ನಾನು ಕೇಳುವುದು ಸಣ್ಣದು. ಸೌಲಭ್ಯ ಇಲ್ಲ ಅನ್ನಿ. ‘ನೀವು ಮಿಲ್ಟ್ರಿ ಅಲ್ಲ’ ಅನ್ನಬೇಡಿ. ಸೌಲಭ್ಯ ಕೊಡುವುದು ಬಿಡುವುದು ನಿಮ್ಮ ನಿಯಮದ ಕೈಯಲ್ಲಿದೆ. ಮಿಲ್ಟ್ರಿ ಅನ್ನುವ ಹೆಸರು ಕೊಟ್ಟಿದ್ದು ನೀವಲ್ಲ, ಊರು. ಅದನ್ನು ಕಿತ್ತುಕೊಳ್ಳುವ ಅಧಿಕಾರ ಯಾವ ಸುತ್ತೋಲೆಯಲ್ಲೂ ಬರೆದಿಲ್ಲ.

ಇದನ್ನು ಈಗಲೇ ಬರೆಯಲು ಇನ್ನೊಂದು ಕಾರಣ ಇದೆ. ನನಗೆ ಅದೇ ಜಾಸ್ತಿ ಯೋಚನೆ.

2022ರ ಜೂನ್‌ನಲ್ಲಿ ಸೇನೆಗೆ ಭರ್ತಿ ಮಾಡಿಕೊಳ್ಳುವ ಅಗ್ನಿಪಥ ಯೋಜನೆ ಬಂತು. ಸೇರಿದ ಹುಡುಗರು ಅಗ್ನಿವೀರರು. ನಾಲ್ಕು ವರ್ಷ. ಮೊದಲ ವರ್ಷ ತಿಂಗಳಿಗೆ 30,000 ಸಂಬಳ, ಅದರಲ್ಲಿ ಶೇಕಡ 30 ಹಿಡಿದುಕೊಂಡು ಕೈಗೆ 21,000. ಹಿಡಿದುಕೊಂಡಷ್ಟನ್ನೇ ಸರ್ಕಾರವೂ ಹಾಕುತ್ತದೆ. ನಾಲ್ಕು ವರ್ಷ ಮುಗಿದಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ. ನೂರಕ್ಕೆ ಇಪ್ಪತ್ತೈದರವರೆಗೆ ಖಾಯಂ ಆಗಬಹುದು. ಉಳಿದವರು ಮನೆಗೆ. ಪೆನ್ಷನ್ ಇಲ್ಲ, ಗ್ರಾಚ್ಯುಟಿ ಇಲ್ಲ. ಯೋಜನೆ ಪ್ರಕಟವಾದಾಗ ಹೊರಬಂದ ಷರತ್ತುಗಳಲ್ಲಿ ಇನ್ನೂ ಒಂದು ಮಾತಿತ್ತು. ಅವರಿಗೆ ಇಸಿಎಚ್‌ಎಸ್ ಇಲ್ಲ, ಕ್ಯಾಂಟೀನ್ ಇಲ್ಲ, ಮಾಜಿ ಸೈನಿಕ ಅನ್ನುವ ಸ್ಥಾನಮಾನವೂ ಇಲ್ಲ.

ಮೊದಲ ತಂಡಗಳು ತರಬೇತಿಗೆ ಹೋದದ್ದು 2022ರ ಕೊನೆ, 2023ರ ಶುರುವಿನಲ್ಲಿ. ನಾಲ್ಕು ಕೂಡಿಸಿ. 2026ರ ಕೊನೆ, 2027ರ ಶುರುವಿಗೆ ಅವರು ವಾಪಸ್ ಬರಲು ಶುರು ಮಾಡುತ್ತಾರೆ. ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗರು. ಅದೇ ಕಟಿಂಗು, ಅದೇ ಟ್ರಂಕು, ಅದೇ ‘ಜೈ ಹಿಂದ್ ಸಾಬ್’. ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಊರು ಅವರನ್ನು ಏನಂತ ಕರೆಯುತ್ತದೆ? ಮಿಲ್ಟ್ರಿ ಅಂತ. ‘ಮಾಜಿ ಅಗ್ನಿವೀರ ಬಂದ’ ಅಂತ ಯಾವ ಅಜ್ಜಿಯೂ ಹೇಳುವುದಿಲ್ಲ.

ಆ ಹುಡುಗ ಮನೆಯಲ್ಲಿ ಸುಮ್ನೆ ಕೂರುವುದಿಲ್ಲ. ಕೆಲಸ ಬೇಕು. ರಾಜ್ಯದ ನೇಮಕಾತಿ ಪಟ್ಟಿಗಳಲ್ಲಿ ಮಾಜಿ ಸೈನಿಕರ ಕಲಂ ಇರುತ್ತದೆ. ಅರ್ಜಿ ತೆಗೆಯುತ್ತಾನೆ. ‘ಮಾಜಿ ಸೈನಿಕರೇ?’ ಅವನು ಸೈನಿಕನಾಗಿದ್ದ, ಈಗ ಅಲ್ಲ. ಕನ್ನಡ ಬರುವ ಯಾರಾದರೂ ಅದಕ್ಕೆ ಹೌದು ಅಂತಲೇ ಟಿಕ್ ಹಾಕುತ್ತಾರೆ. ಅವನ ಅಪ್ಪ ಸರ್ಕಾರಿ ಜಮೀನಿನ ಮಂಜೂರಾತಿಗೆ ಅರ್ಜಿ ಹಾಕಿಸುತ್ತಾನೆ. 1969ರ ಭೂ ಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೆ, ಮಾಜಿ ಸೈನಿಕರಿಗೆ ಪಾಲು ಇದೆ ಅನ್ನುವುದು ನಮ್ಮ ಕಡೆ ಪ್ರತಿ ಮನೆಗೂ ಗೊತ್ತು. ಅಲ್ಲಿ ಒಬ್ಬ, ಇಲ್ಲಿ ಒಬ್ಬ ಅಲ್ಲ. ಪ್ರತಿ ವರ್ಷ ಒಂದೊಂದು ತಂಡ ಬರುತ್ತದೆ. ನಿಮ್ಮ ಕೌಂಟರ್ ಮುಂದೆ ನಿಂತು ಒಬ್ಬೊಬ್ಬರೂ ‘ನೀನು ಮಿಲ್ಟ್ರಿ ಅಲ್ಲ’ ಅಂತ ಕೇಳಿಸಿಕೊಂಡು ಹೋಗುತ್ತಾರೆ. ಬಿಎಸ್‌ಎಫ್‌ನವರಿಗೆ ಐವತ್ತರ ಮೇಲಾಗಿತ್ತು, ಮಾತು ನುಂಗಿಕೊಂಡರು. ಇಪ್ಪತ್ತೆರಡರ ಹುಡುಗ ನುಂಗಿಕೊಳ್ಳುತ್ತಾನೆ ಅಂತ ನಾನು ಬರೆದು ಕೊಡಲಾರೆ.

ನಾಲ್ಕು ವರ್ಷದಲ್ಲಿ ಬಿಡಬೇಕು ಅನ್ನುವ ಯೋಜನೆ ಸರಿಯೋ ತಪ್ಪೋ ಅಂತ ಈ ಪತ್ರದಲ್ಲಿ ವಾದ ಮಾಡುವುದಿಲ್ಲ. ನನ್ನ ಅಭಿಪ್ರಾಯ ಏನು ಅಂತ ನನ್ನ ಹಳೇ ಯೂನಿಟ್ಟಿನ ವಾಟ್ಸಾಪ್ ಗುಂಪಿನವರಿಗೆ ಚೆನ್ನಾಗಿ ಗೊತ್ತು, ಅದಕ್ಕೆ ಬೈಸಿಕೊಂಡೂ ಇದ್ದೇನೆ. ಮುಂದೆ ಷರತ್ತು ಬದಲಾಗಲೂಬಹುದು, ಬದಲಾದರೆ ಸಂತೋಷ. ಬದಲಾಗುವವರೆಗೆ ಇರುವ ಷರತ್ತು ಅವರಿಗೆ ಅರ್ಥವಾಗುವ ಮಾತಿನಲ್ಲಿ ಗೊತ್ತಾಗಬೇಕು.

ಅದಕ್ಕೆ ನನ್ನ ಬೇಡಿಕೆ ಇಷ್ಟು. ಆ ಒಂದು ಸಾಲನ್ನು ತೆಗೆದುಬಿಡಿ. ಹೌದು, ಇಲ್ಲ ಅನ್ನುವ ಎರಡು ಚೌಕದಲ್ಲಿ ಇಷ್ಟು ಜನ ಹಿಡಿಸುವುದಿಲ್ಲ. ಅದರ ಬದಲು, ಯಾರು ಬೇಕಾದರೂ ಉತ್ತರ ಕೊಡಬಹುದಾದ ಪ್ರಶ್ನೆ ಕೇಳಿ. ಯಾವ ಪಡೆಯಲ್ಲಿ ಇದ್ದಿರಿ? ಅಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆ ಅಂತ ಬರೆದು, ಕೆಳಗೆ ಬಿಎಸ್‌ಎಫ್, ಸಿಆರ್‌ಪಿಎಫ್ ಅಂತ ಒಂದೊಂದರ ಹೆಸರೂ ಹಾಕಿ. ‘ಕೇಂದ್ರ ಸಶಸ್ತ್ರ ಪೊಲೀಸ್ ಪಡೆ’ ಅಂತ ಮಾತ್ರ ಬರೆದರೆ ಅದು ತನ್ನದು ಅಂತ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ. ಅಗ್ನಿವೀರ, ಟೆರಿಟೋರಿಯಲ್ ಆರ್ಮಿ, ಗ್ರೆಫ್, ಇವಕ್ಕೂ ಒಂದೊಂದು ಚೌಕ ಕೊಡಿ. ಆಮೇಲೆ, ಹೇಗೆ ಹೊರಬಂದಿರಿ? ಪೆನ್ಷನ್ ಮೇಲೆ, ಆರೋಗ್ಯದ ಕಾರಣಕ್ಕೆ, ಅವಧಿ ಮುಗಿದು, ನಾನಾಗಿ ಬಿಟ್ಟು. ಯಾವ ತಾರೀಖಿಗೆ? ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಕೊಟ್ಟ ಗುರುತಿನ ಚೀಟಿ ಇದೆಯಾ? ಇಷ್ಟು ಕೇಳಿದರೆ ಸಾಕು. ಯಾರು ಒಳಗೆ, ಯಾರು ಹೊರಗೆ ಅಂತ ನಿಮಗೇ ಗೊತ್ತಾಗುತ್ತದೆ. ತಾನು ಸುಳ್ಳು ಟಿಕ್ ಹಾಕಿದೆ ಅಂತ ಯಾರಿಗೂ ಅನ್ನಿಸುವುದಿಲ್ಲ. ನಿಮಗೂ ಪರಿಶೀಲನೆ ದಿನ ಅರ್ಧ ಕೆಲಸ ಕಡಿಮೆ.

ಇದನ್ನು ಆನ್‌ಲೈನ್‌ನಲ್ಲಿ ಮಾಡುವುದು ಇನ್ನೂ ಸುಲಭ. ಬಿಎಸ್‌ಎಫ್ ಅಂತ ಒತ್ತಿದ ಕೂಡಲೇ ‘ನಿಮ್ಮ ಕಲಂ ಇದು’ ಅಂತ ತೋರಿಸಲಿ. ನಾಲ್ಕು ಸಾಲಿನ ಕೆಲಸ. ಸಾಫ್ಟ್‌ವೇರ್ ಮಾಡುವ ನಮ್ಮ ಅಣ್ಣನ ಮಗ ಹಾಗಂತ ಹೇಳಿದ. ಅವನು ಎಲ್ಲದಕ್ಕೂ ಹಾಗೇ ಹೇಳುತ್ತಾನೆ, ಆದರೂ ಒಮ್ಮೆ ವಿಚಾರಿಸಿ.

ವ್ಯಾಖ್ಯೆಯನ್ನು ಕನ್ನಡದಲ್ಲಿ ಒಂದು ಬೋರ್ಡ್ ಬರೆಸಿ ಹಾಕಿ ಅಂತಲೂ ಕೇಳುತ್ತೇನೆ. ಇಂಗ್ಲಿಷಿನಿಂದ ಇಳಿಸಿದ ಕನ್ನಡ ಬೇಡ. ‘ಸೇವೆಯಿಂದ ಉದ್ಭವಿಸಿದ ಅಥವಾ ಉಲ್ಬಣಿಸಿದ ವೈದ್ಯಕೀಯ ಕಾರಣಗಳ ಮೇರೆಗೆ’ ಅಂತ ಶುರುವಾದರೆ ಓದುವವನು ಅಲ್ಲೇ ನಿಂತುಬಿಡುತ್ತಾನೆ. ‘ಡ್ಯೂಟಿಯಿಂದಾಗಿ ಕಾಯಿಲೆ ಬಂದು ಅಥವಾ ಏಟಾಗಿ’ ಅಂದರೆ ಆಯಿತಲ್ಲ.

ಸಮಾರಂಭ ಮಾಡುವವರಿಗೂ, ಪತ್ರಿಕೆಯವರಿಗೂ ಇದರಲ್ಲೇ ಒಂದು ಮಾತು. ಜನವರಿ 14ನ್ನು 2016ರಿಂದ ಸಶಸ್ತ್ರ ಪಡೆಗಳ ನಿವೃತ್ತರ ದಿನ ಅಂತ ಆಚರಿಸುತ್ತಾರೆ. ಯಾಕೆ ಆ ದಿನ ಅಂದರೆ, 1953ರ ಜನವರಿ 14ಕ್ಕೆ ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪ ಸೇನೆಯಿಂದ ನಿವೃತ್ತರಾದರು. ಸ್ವತಂತ್ರ ಭಾರತದ ಸೇನೆಗೆ ಮೊದಲ ಭಾರತೀಯ ಮುಖ್ಯಸ್ಥ. ದೇಶಕ್ಕೆಲ್ಲ ನಿವೃತ್ತರ ದಿನ ಕೊಟ್ಟದ್ದು ಕರ್ನಾಟಕದವರು. ಕರ್ನಾಟಕದಲ್ಲಿ ಮಾತ್ರ ಆ ಹೊತ್ತಿಗೆ ಎಲ್ಲರೂ ಎಳ್ಳು ಬೆಲ್ಲ ಹಂಚುವುದರಲ್ಲಿ, ದನಕ್ಕೆ ಬಣ್ಣ ಹಚ್ಚುವುದರಲ್ಲಿ ಇರುತ್ತಾರೆ. ನಾನೂ ಅಷ್ಟೇ. ಅದರ ಬಗ್ಗೆ ಬೇಜಾರಿಲ್ಲ. ಆದರೆ ಆ ದಿನ ವೇದಿಕೆಗೆ ಕರೆದು ಶಾಲು ಹೊದಿಸುವುದಾದರೆ ‘ವೀರಯೋಧರು’, ‘ಕೆಚ್ಚೆದೆಯ ಕಲಿಗಳು’ ಅಂತೆಲ್ಲ ಓದಬೇಡಿ. ನಾನು ಫೈಲು ನೋಡಿದವನು. ನನ್ನ ಪಕ್ಕ ಕೂತವರು ಲಾರಿ ಓಡಿಸಿದವರು, ಅವರ ಪಕ್ಕದವರು ರೊಟ್ಟಿ ಬೇಯಿಸಿದವರು. ಮಿಲ್ಟ್ರಿಯವರು ಅನ್ನಿ, ಸಾಕು. ಆ ಸಾಲಿನಲ್ಲಿ ಬಿಎಸ್‌ಎಫ್‌ನವರಿಗೂ, ನರ್ಸಮ್ಮನಿಗೂ, ನಾಲ್ಕು ವರ್ಷ ಮುಗಿಸಿ ಬಂದ ಹುಡುಗನಿಗೂ ಕುರ್ಚಿ ಹಾಕಿ. ಕುರ್ಚಿಗೆ ಯಾವ ನಿಯಮದ ಅಡ್ಡಿಯೂ ಇಲ್ಲ.

ಬೈಕಿಗೆ ‘ಆರ್ಮಿ’ ಸ್ಟಿಕರ್ ಅಂಟಿಸಿಕೊಂಡು ಓಡಾಡುವ ಸೋದರಳಿಯಂದಿರಿಗೆ ಮಾತ್ರ ಬೇಡ. ಅವರನ್ನು ಟ್ರಾಫಿಕ್‌ನವರು ನೋಡಿಕೊಳ್ಳಲಿ.

ಇದನ್ನು ಓದುವ ಊರಿನವರಿಗೆ ಒಂದು ಮಾತು ಸೇರಿಸುತ್ತೇನೆ. ನಮೂನೆ ಬದಲಾಗುವುದಕ್ಕೆ ಹೊತ್ತು ಹಿಡಿಯುತ್ತದೆ, ಸರ್ಕಾರದ ಕೆಲಸ. ಅಲ್ಲಿಯವರೆಗೆ ಅರ್ಜಿ ತುಂಬುವ ಮುಂಚೆ ಟ್ರಂಕಿನಿಂದ ಡಿಸ್ಚಾರ್ಜ್ ಬುಕ್ ತೆಗೆಯಿರಿ. ಅದರಲ್ಲಿ ಯಾವ ಕಾರಣಕ್ಕೆ ಬಿಡುಗಡೆ ಅಂತ ಬರೆದಿರುತ್ತದೆ, ಅದನ್ನು ಓದಿ. ಪೆನ್ಷನ್ ಆದೇಶ ಇದ್ದರೆ ಜೊತೆಗಿಟ್ಟುಕೊಳ್ಳಿ. ಪುಸ್ತಕದ ಮೇಲೆ ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿ, ಸಿಐಎಸ್‌ಎಫ್ ಅಂತ ಇದ್ದರೆ ಅರ್ಜಿಯಲ್ಲಿ ‘ಸಿಎಪಿಎಫ್’ ಅಥವಾ ‘ಕೇಂದ್ರ ಸಶಸ್ತ್ರ ಪೊಲೀಸ್’ ಅನ್ನುವ ಕಲಂ ಹುಡುಕಿ, ಅದಕ್ಕೆ ಟಿಕ್ ಹಾಕಿ. ಪೊಲೀಸ್ ಅಂತ ಇದೆಯಲ್ಲ ಅಂತ ಹಿಂಜರಿಯಬೇಡಿ. ಗೊತ್ತಾಗದಿದ್ದರೆ ಗಡುವಿಗೆ ಹದಿನೈದು ದಿನ ಇರುವಾಗಲೇ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೇಳಿ, ಕೊನೇ ದಿನ ಅಲ್ಲ.

ಇತಿ,
ಒಬ್ಬ ಹವಾಲ್ದಾರ್ ಕ್ಲರ್ಕ್ (ನಿವೃತ್ತ)
ಆರ್ಮಿ ಸರ್ವೀಸ್ ಕೋರ್
ಹಾಸನ ಜಿಲ್ಲೆ